ನಿಂತಲ್ಲೇ ಈಜಲು ಮೂರು ದಾರಿ: ಮರಕ್ಕೆ ಕಟ್ಟಿದ ಬೆಲ್ಟ್, ಹಾಸನದ ಕೊಳ, ಕಣದ ಮೂಲೆಯ ಸ್ವಿಮ್ ಸ್ಪಾ

ಮೊಣಕಾಲು ಸವೆದಿದೆ, ನಡೆಯುವುದನ್ನು ಕಡಿಮೆ ಮಾಡಿ ಈಜಿ ಎಂದು ವೈದ್ಯರು ಹೇಳಿ ಮೂರು ವರ್ಷವಾಯಿತು. ಚಿಕ್ಕಮಗಳೂರಿನಿಂದ ಆಲ್ದೂರಿಗೆ ಹೋಗುವ ದಾರಿಯಲ್ಲಿರುವ ನಮ್ಮ ತೋಟದಲ್ಲಿ ಸಮತಟ್ಟಾದ ಜಾಗವೆಂದರೆ ಮನೆ ನಿಂತದ್ದು ಮತ್ತು ಕಾಫಿ ಒಣಗಿಸುವ ಕಣ, ಅಷ್ಟೇ. ಉದ್ದನೆಯ ಕೊಳ ಕನಸಿನ ಮಾತು. ದಿನವೂ ಪೇಟೆಗೆ ಹೋಗಿ ಈಜಿ ಬರೋಣವೆಂದರೆ ಕೊಯ್ಲಿನ ತಿಂಗಳುಗಳಲ್ಲಿ ಅದೂ ಆಗದು. ಹಾಗಾಗಿ ನಿಂತಲ್ಲೇ ಈಜುವ ದಾರಿ ಹುಡುಕತೊಡಗಿದೆ. ಒಂದೋ ನೀರು ಎದುರಿನಿಂದ ಹರಿದು ಬರಬೇಕು, ಇಲ್ಲವೇ ಹಿಂದಿನಿಂದ ಏನಾದರೂ ನನ್ನನ್ನು ಹಿಡಿದಿರಬೇಕು.

ಮೊದಲು ಮಾಡಿದ್ದು ಎರಡನೆಯದನ್ನು, ಏಕೆಂದರೆ ಅದು ಅಗ್ಗ. ಕಬ್ಬಿಣದ ಪೈಪುಗಳ ಚೌಕಟ್ಟಿಗೆ ದಪ್ಪ ಪಿವಿಸಿ ಹಾಳೆ ಸಿಕ್ಕಿಸುವ ಕೊಳ; 15 ಅಡಿ ಉದ್ದ, 7 ಅಡಿ ಅಗಲ, 33 ಇಂಚು ಎತ್ತರ, ಸುಮಾರು 7,000 ಲೀಟರ್ ನೀರು. 38,000 ರೂಪಾಯಿಗೆ ತರಿಸಿದೆ. ಸೊಂಟಕ್ಕೆ ಕಟ್ಟಿಕೊಳ್ಳುವ ಬೆಲ್ಟ್ ಮತ್ತು ರಬ್ಬರ್ ಹಗ್ಗಕ್ಕೆ 1,400. ಹಗ್ಗದ ಇನ್ನೊಂದು ತುದಿಯನ್ನು ಕಣದ ಅಂಚಿನ ಸಿಲ್ವರ್ ಓಕ್ ಮರಕ್ಕೆ, ಮೆಣಸಿನ ಬಳ್ಳಿ ಉಜ್ಜಿಹೋಗದಂತೆ ಗೋಣಿಚೀಲ ಸುತ್ತಿ ಬಿಗಿದೆ. ಹೆಂಡತಿ ಜಗಲಿಯಿಂದ ನೋಡಿ, "ಗೂಟಕ್ಕೆ ಕಟ್ಟಿದ ಕರುವಿನ ಹಾಗೆ ಕಾಣುತ್ತೀರಿ ರೀ, ಹುಲ್ಲು ತಂದು ಹಾಕಲೇ?" ಎಂದಳು.

ನಗುವವರು ನಗಲಿ, ಬೆಲ್ಟ್ ಕೆಲಸ ಮಾಡುತ್ತದೆ. ಹತ್ತು ನಿಮಿಷಕ್ಕೆ ಭುಜ ಬಿಸಿಯಾಗುತ್ತದೆ, ಮೊಣಕಾಲಿನ ಮೇಲೆ ಭಾರ ಬೀಳುವುದಿಲ್ಲ. ತೊಂದರೆ ಬಂದದ್ದು ಕೊಳದಿಂದ. ಆಳ ಸಾಲದೆ ಕೈಬೆರಳುಗಳು ತಳಕ್ಕೆ ಉಜ್ಜಿದವು. ಡಿಸೆಂಬರ್ ಬೆಳಿಗ್ಗೆ ಥರ್ಮಾಮೀಟರ್ ಅದ್ದಿದರೆ 18 ಡಿಗ್ರಿ. ಸವೆದ ಮೊಣಕಾಲಿಗೆ ಅಂತಹ ನೀರು ಮದ್ದಲ್ಲ, ಶಿಕ್ಷೆ. ಬೋರ್‌ವೆಲ್ಲಿನ ಕಥೆ ಬೇರೆ. ತುಂಬಿಸಿದ ದಿನ ನೀರು ಕನ್ನಡಿಯಂತಿತ್ತು. ಸಂಜೆ ಕ್ಲೋರಿನ್ ಪುಡಿ ಕದಡಿ ಹಾಕಿದೆ, ಬೆಳಿಗ್ಗೆ ಎದ್ದು ನೋಡಿದರೆ ಕೊಳದ ತುಂಬ ಹಾಲು ಬೆರೆಸದ ಟೀ. ನೀರಿನಲ್ಲಿ ಕರಗಿದ್ದ ಕಬ್ಬಿಣದ ಅಂಶ ಕ್ಲೋರಿನ್ ತಾಗಿದೊಡನೆ ತುಕ್ಕಾಗಿ ಹೊರಬಂದಿತ್ತು. ಕಬ್ಬಿಣ ಸೋಸುವ ಫಿಲ್ಟರ್ ಕೂರಿಸಲು 22,000 ಹೋಯಿತು. ನಮ್ಮಂತಹ ನೀರಿದ್ದವರಿಗೆ ಮೂರು ಬಗೆಯಲ್ಲಿ ಯಾವುದನ್ನು ಮಾಡಿದರೂ ಇದು ಬೇಕು, ಆದರೆ ನನ್ನ ಕೈಸೇರಿದ ಒಂದು ಕೊಟೇಶನ್ನಿನಲ್ಲೂ ಇದರ ಸುದ್ದಿ ಇರಲಿಲ್ಲ.

ಹಾಸನದಲ್ಲಿ ಅಕ್ಕನ ಮನೆ. ಭಾವ ನಿವೃತ್ತಿಯ ಹಣದಲ್ಲಿ ಹಿತ್ತಲಿನಲ್ಲಿ 20 ಅಡಿಗೆ 10 ಅಡಿಯ ಕಾಂಕ್ರೀಟ್ ಕೊಳ ಕಟ್ಟಿಸಿದ್ದಾರೆ. ಅಗೆತ, ಕಾಂಕ್ರೀಟ್, ಟೈಲ್ಸ್, ಫಿಲ್ಟರ್ ಎಲ್ಲ ಸೇರಿ ಒಂಬತ್ತೂವರೆ ಲಕ್ಷ. ಗೋಡೆಯಿಂದ ನೀರು ಚಿಮ್ಮಿಸಿ ಎದುರು ಹರಿವು ಕೊಡುವ ಯಂತ್ರಕ್ಕೆ ಮತ್ತೆ 2 ಲಕ್ಷ 60 ಸಾವಿರ. ಮಗಳ ಮದುವೆಯ ಓಡಾಟಕ್ಕೆಂದು ಹೋದವನು ಮೂರು ವಾರ ಅದರಲ್ಲಿ ಈಜಿದೆ. ಆ ಯಂತ್ರಕ್ಕೆ ಎರಡೇ ಬಾಯಿ. ಹತ್ತಿರ ಹೋದರೆ ಅಗ್ನಿಶಾಮಕದವರ ಪೈಪು ಮುಖಕ್ಕೆ ಹಿಡಿದಂತೆ; ಆರಡಿ ಹಿಂದೆ ಸರಿದರೆ ಹರಿವು ಚೆದುರಿ ಬಲ ಉಡುಗುತ್ತದೆ; ಅರ್ಧ ಅಡಿ ಪಕ್ಕಕ್ಕೆ ವಾಲಿದರೆ ಮೂಲೆಗೆ ಎಸೆಯುತ್ತದೆ. ಭಾವ ಅದನ್ನು ಬೆನ್ನು ಉಜ್ಜಿಸಿಕೊಳ್ಳಲು ಮಾತ್ರ ಬಳಸುತ್ತಾರೆ. ಬಿಸಿ ಮಾಡುವ ಮಾತಂತೂ ಎತ್ತುವಂತಿಲ್ಲ. ಒಂದು ಲೀಟರ್ ನೀರನ್ನು ಒಂದು ಡಿಗ್ರಿ ಏರಿಸಲು 1.16 ವ್ಯಾಟ್-ಗಂಟೆ ಬೇಕು. ಅವರ ಕೊಳದ 24,000 ಲೀಟರನ್ನು 20ರಿಂದ 32 ಡಿಗ್ರಿಗೆ ತರಲು 335 ಯೂನಿಟ್ ಕರೆಂಟ್, ಅದೂ ಮೇಲಿನಿಂದ ಆರಿಹೋಗುವುದನ್ನು ಲೆಕ್ಕಕ್ಕೆ ಹಿಡಿಯದೆ. ಮೊಮ್ಮಕ್ಕಳು ಬಂದು ಧುಮುಕುವ ಮನೆಗೆ ಭಾವನ ಕೊಳಕ್ಕಿಂತ ಒಳ್ಳೆಯದಿಲ್ಲ, ಇದನ್ನು ಹೊಟ್ಟೆಕಿಚ್ಚಿಲ್ಲದೆ ಹೇಳುತ್ತೇನೆ. ಹಾಸನದ ಆ ನೆಲ ಹಲಗೆಯಂತೆ ಮಟ್ಟ. ಜೆಸಿಬಿಗೆ ಒಂದೇ ದಿನದ ಕೆಲಸವಾಗಿತ್ತು. ನಮ್ಮ ಇಳಿಜಾರಿನಲ್ಲಿ ಅದನ್ನೇ ಕಟ್ಟಲು ಮೊದಲು ತಡೆಗೋಡೆ ಬೇಕು, ಬರೀ ಗೋಡೆಗೆ ಮೇಸ್ತ್ರಿ ಹೇಳಿದ್ದು 4 ಲಕ್ಷ.

ಇನ್ನು ಸ್ವಿಮ್ ಸ್ಪಾ. ಅಚ್ಚಿನಲ್ಲಿ ಎರಕವಾದ ಅಕ್ರಿಲಿಕ್ ತೊಟ್ಟಿ. ಮೋಟಾರು, ಹೀಟರ್, ಫಿಲ್ಟರ್ ಎಲ್ಲ ಅದರ ಪಕ್ಕೆಯಲ್ಲೇ ಅಡಗಿರುತ್ತವೆ, ಮೇಲೆ ದಪ್ಪ ಫೋಮಿನ ಮುಚ್ಚಳ. ನೆಲ ಅಗೆಯದೆ ಮೇಲೆಯೇ ಇಡಬಹುದು. ಬೆಂಗಳೂರಿನ ಒಂದು ಮಳಿಗೆಯಲ್ಲಿ ನೀರು ತುಂಬಿಸಿಟ್ಟ ಎರಡು ಬಗೆಯನ್ನು ಈಜಿ ನೋಡಲು ಬಿಟ್ಟರು. ಗೋಡೆಯ ಬಾಯಿಗಳಿಂದ ನೀರು ಚಿಮ್ಮಿಸುವ ಜೆಟ್‌ಗಳದ್ದು 13 ಅಡಿಯದು, ತೆರಿಗೆ ಸೇರಿ 14 ಲಕ್ಷ 60 ಸಾವಿರ. ನೀರೊಳಗೆ ಪ್ರೊಪೆಲ್ಲರ್ ತಿರುಗಿ ಅಗಲವಾದ ಹರಿವು ಕೊಡುವುದು 24 ಲಕ್ಷ. ವ್ಯತ್ಯಾಸ ಕಣ್ಣು ಮುಚ್ಚಿದರೂ ತಿಳಿಯುತ್ತದೆ. ಪ್ರೊಪೆಲ್ಲರಿನ ನೀರು ಮೈಯಗಲಕ್ಕೂ ಒಂದೇ ಸಮನೆ ಬರುತ್ತದೆ. ಚಿಕ್ಕಂದಿನಲ್ಲಿ ದಸರಾ ರಜೆಯಲ್ಲಿ ಹೇಮಾವತಿಗೆ ಎದುರಾಗಿ ಈಜಿದ್ದು ನೆನಪಾಯಿತು. ಜೆಟ್‌ನದು ಗುಳ್ಳೆಗಳ ಗಲಾಟೆ, ಅನ್ನದ ಪಾತ್ರೆಯೊಳಗೆ ಈಜಿದಂತೆ.

ಆದರೆ ನಾನು ಚೀಲದಲ್ಲಿ ನನ್ನ ಹಳೆಯ ಬೆಲ್ಟ್ ಒಯ್ದಿದ್ದೆ. ಜೆಟ್ ತೊಟ್ಟಿಯ ಹಿಡಿಕಂಬಿಗೆ ಹಗ್ಗ ಬಿಗಿದು, ಜೆಟ್‌ಗಳನ್ನು ಕಾಲುಭಾಗಕ್ಕೆ ಇಳಿಸಿಸಿ ಈಜಿದೆ. ಗುಳ್ಳೆ ಇಲ್ಲ, ತಳ ತಾಗುವುದಿಲ್ಲ, ನೀರು 32 ಡಿಗ್ರಿ. ಮಾರಾಟದ ಹುಡುಗನ ಮುಖ ಸಪ್ಪಗಾಯಿತು. ಅವನೆದುರೇ 24 ಲಕ್ಷದ ತೊಟ್ಟಿಯ ಅಗತ್ಯ 1,400 ರೂಪಾಯಿಯಲ್ಲಿ ತೀರಿಹೋಗಿತ್ತು. ಪೈಪೋಟಿಗೆ ತಯಾರಾಗುವವರು, ಗಂಟೆಗಟ್ಟಲೆ ಈಜುವವರು ಪ್ರೊಪೆಲ್ಲರ್ ಕೊಳ್ಳಲಿ. ನನಗೆ ಬೇಕಿದ್ದದ್ದು ಬಿಸಿ ಮತ್ತು ಆಳ, ಜೆಟ್‌ನದನ್ನೇ ಕೊಂಡೆ.

"ಮನೆಗೆ ಬಂದ ಮೇಲೆ ಪ್ಲಗ್ ಹಾಕಿದರೆ ಮುಗಿಯಿತು ಸಾರ್" ಎಂದಿದ್ದ ಅವನು. ಆ ಪ್ಲಗ್ಗಿಗೆ 4 ಲಕ್ಷ ಹಿಡಿಯಿತು.

ಕಣದ ಮೇಲೆಯೇ ಇಡೋಣವೆಂದುಕೊಂಡಿದ್ದೆ. ಮೇಸ್ತ್ರಿ ಹಾರೆಯಿಂದ ಮೂಲೆಯೊಂದನ್ನು ಒಡೆದು ತೋರಿಸಿದ: ಮೂರು ಇಂಚು ಕಾಂಕ್ರೀಟ್, ಕೆಳಗೆ ಬರೀ ಮಣ್ಣು. ತೊಟ್ಟಿಯ ತೂಕ 800 ಕೆಜಿ, ನೀರು 5,000 ಲೀಟರ್ ಎಂದರೆ 5 ಟನ್. ಒಟ್ಟು ಭಾರ ಚದರ ಮೀಟರಿಗೆ 650 ಕೆಜಿ ದಾಟುತ್ತದೆ. ಮಗ ಫೋನಿನಲ್ಲಿ "ತಾರಸಿ ಮೇಲೆ ಇಡಿ ಅಪ್ಪ, ಬೆಟ್ಟದ ನೋಟ ಸಿಗುತ್ತದೆ" ಎಂದ. ಓಡಾಡುವ ತಾರಸಿಯನ್ನು ಎಂಜಿನಿಯರುಗಳು ಸಾಮಾನ್ಯವಾಗಿ ಚದರ ಮೀಟರಿಗೆ 150 ಕೆಜಿ ಹಿಡಿದು ವಿನ್ಯಾಸ ಮಾಡುತ್ತಾರೆ. ನೋಟದ ಆಸೆ ಅಲ್ಲಿಗೇ ಬಿಟ್ಟೆ. ಕಣದ ಮೂಲೆಯನ್ನು ಕಿತ್ತು, ಜಲ್ಲಿ ಹಾಸಿ, ಕಂಬಿ ಕಟ್ಟಿ ಆರಿಂಚಿನ ಹಾಸು ಹಾಕಿಸಲು 58,000.

ಬೆಂಗಳೂರಿನಿಂದ ಹಾಸನ, ಬೇಲೂರು ಹಾದು ಲಾರಿ ಬಂತು, 38,000. ಬಂದು ನಿಂತದ್ದು ಮುಖ್ಯರಸ್ತೆಯಲ್ಲಿ. ತೋಟದ ದಾರಿಯಲ್ಲಿ ನನ್ನ ಅಜ್ಜನ ಕಾಲದ ಕಲ್ಲುಚಪ್ಪಡಿಯ ಮೋರಿಯಿದೆ. ಟ್ರ್ಯಾಕ್ಟರ್ ದಾಟುತ್ತದೆ, ಹೈಡ್ರಾ ಕ್ರೇನ್ ದಾಟಿಸಲು ಅದರ ಚಾಲಕನೇ ಒಪ್ಪಲಿಲ್ಲ. ಕೊನೆಗೆ ಹೈಡ್ರಾ ರಸ್ತೆಯಲ್ಲೇ ನಿಂತು ತೊಟ್ಟಿಯನ್ನು ಲಾರಿಯಿಂದ ಎತ್ತಿ ಟ್ರ್ಯಾಕ್ಟರಿನ ಟ್ರೈಲರಿಗೆ ಇಳಿಸಿತು. ಹಿಂದೆ ಎರಡಡಿ ಚಾಚಿಕೊಂಡಿತ್ತು. ಇಬ್ಬರು ಮುಂದೆ ನಡೆಯುತ್ತಾ ಕತ್ತಿಯಿಂದ ಸಿಲ್ವರ್ ಓಕ್ ಕೊಂಬೆ ಸವರಿದರು. ಕಣದಲ್ಲಿ ಎತ್ತಲು ಯಂತ್ರವಿಲ್ಲ. ತೋಟದ ಲೆಕ್ಕ ನೋಡುವ ನಮ್ಮ ಹಳೆಯ ರೈಟರ್, ಹಿಂದೆ ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಯಂತ್ರ ಇಳಿಸಿದ ಉಪಾಯ ನೆನಪಿಟ್ಟಿದ್ದರು: ಟ್ರೈಲರಿನಿಂದ ಹಾಸಿನವರೆಗೆ ಎರಡು ಮರದ ತೊಲೆ ಇಳಿಜಾರಾಗಿ ಇಟ್ಟು, ಅಡ್ಡಕ್ಕೆ ಜಿಐ ಪೈಪಿನ ತುಂಡುಗಳು, ಹಿಂದಿನಿಂದ ಹಗ್ಗ ಬಿಗಿಹಿಡಿದವರು ಹನ್ನೆರಡು ಮಂದಿ. ಐಲೇಸಾ ಎಂದಂತೆಲ್ಲ ಒಂದೊಂದು ಗೇಣು ಉರುಳಿತು. ಕೊನೆಯ ಪೈಪು ತೆಗೆಯುವಾಗ ಯಾರೂ ಮಾತನಾಡಲಿಲ್ಲ. ಹೈಡ್ರಾ, ಟ್ರ್ಯಾಕ್ಟರ್, ಕೂಲಿ, ಮಧ್ಯಾಹ್ನದ ಕೋಳಿಸಾರು ಎಲ್ಲ ಸೇರಿ 25,000.

ಮಿಕ್ಕದ್ದನ್ನು ಬೇಗ ಹೇಳುತ್ತೇನೆ. ತ್ರೀ-ಫೇಸ್ ಮೊದಲೇ ಇತ್ತು. 40 ಮೀಟರ್ ಕೇಬಲ್, ಬೇರೆ ಅರ್ತಿಂಗ್ ಗುಂಡಿ, 30 ಮಿಲಿಆಂಪಿಯರ್ ಸೋರಿದರೂ ಕಡಿದುಕೊಳ್ಳುವ ಇಎಲ್‌ಸಿಬಿ, 84,000. ಇದರಲ್ಲಿ ಮಾತ್ರ ಜಿಪುಣತನ ಬೇಡ, ಒದ್ದೆ ಮೈಯಲ್ಲಿ ಕೂರುವ ಜಾಗ ಅದು. ಮೆಟ್ಟಿಲು, ನೀರು ಹೊರಹೋಗುವ ಕಾಲುವೆಗೆ 20,000. ಕಬ್ಬಿಣದ ಕಂಬಗಳ ಮೇಲೆ ಶೀಟಿನ ಮಾಡು 1 ಲಕ್ಷ 75 ಸಾವಿರ. ಮಾಡು ಬೇಡ, ಮುಚ್ಚಳ ಸಾಕು ಎಂದಿದ್ದರು ಮಳಿಗೆಯವರು. ಜೂನ್‌ನಿಂದ ಆಗಸ್ಟ್‌ವರೆಗೆ ಮಲೆನಾಡಿನಲ್ಲಿ ಒಂದು ವಾರ ಕಳೆದವರು ಹಾಗೆ ಹೇಳಲಾರರು. ತೊಟ್ಟಿಯೂ ಸೇರಿ ಒಟ್ಟು 18 ಲಕ್ಷ 60 ಸಾವಿರ.

ಓಡಿಸುವ ಖರ್ಚು ಹೆದರಿದಷ್ಟಿಲ್ಲ. ಮೊದಲ ಸಲ ಬಿಸಿಯಾಗಲು 70 ಯೂನಿಟ್ ಮತ್ತು ಒಂದಿಡೀ ದಿನ ಬೇಕಾಯಿತು, 3 ಕಿಲೋವ್ಯಾಟ್ ಹೀಟರಿಗೆ ಅಷ್ಟೇ ಸಾಮರ್ಥ್ಯ. ಆಮೇಲೆ ಬೇರೆ ಮೀಟರಿನಲ್ಲಿ ಬರೆದಿಟ್ಟಂತೆ ಡಿಸೆಂಬರಿನಲ್ಲಿ ದಿನಕ್ಕೆ 11 ಯೂನಿಟ್, ಏಪ್ರಿಲ್‌ನಲ್ಲಿ 5. ಜುಲೈನಲ್ಲಿ ಎರಡು ದಿನ ಕರೆಂಟ್ ಇಲ್ಲದಾಗ 32 ಇದ್ದದ್ದು 29ಕ್ಕೆ ಇಳಿಯಿತು, ಮುಚ್ಚಳದ ಪುಣ್ಯ. ನೀರಿನ ಹುಳಿ-ಕ್ಷಾರದ ಅಳತೆಯಾದ ಪಿಎಚ್ ಅನ್ನು 7.2ರಿಂದ 7.8ರೊಳಗೆ ಇಟ್ಟುಕೊಳ್ಳುವುದು ದಿನವಹಿ ಕಿರಿಕಿರಿ. ಬಿಸಿ ನೀರಿನಲ್ಲಿ ಕ್ಲೋರಿನ್ ಬೇಗ ಮುಗಿದುಹೋಗುತ್ತದೆ. ನಾಲ್ಕು ತಿಂಗಳಿಗೊಮ್ಮೆ ನೀರು ಬದಲಿಸುತ್ತೇನೆ. ಕ್ಲೋರಿನ್ ಹಾಕುವುದನ್ನು ನಿಲ್ಲಿಸಿ ಮುಚ್ಚಳ ತೆರೆದು ಎರಡು ದಿನ ಬಿಟ್ಟ ಮೇಲೆಯೇ ತೋಟದ ಕಡೆ ಹರಿಸುವುದು.

ಹಳೆಯ ಪಿವಿಸಿ ಕೊಳವನ್ನು ಕತ್ತರಿಸಿದೆವು. ಕಣದಲ್ಲಿ ಕಾಫಿ ಹರಡಿದಾಗ ಅಕಾಲ ಮಳೆ ಬಂದರೆ ಮುಚ್ಚಲು ಅಷ್ಟು ಗಟ್ಟಿ ಹಾಳೆ ಪೇಟೆಯಲ್ಲೂ ಸಿಗುವುದಿಲ್ಲ. ಬೆಲ್ಟ್ ಮಾತ್ರ ತೊಟ್ಟಿಯ ಕಂಬಿಗೆ ಕಟ್ಟಿಯೇ ಇದೆ. ಭಾವ ಭಾನುವಾರ ಹಾಸನದಿಂದ ಟವೆಲ್ ಹಿಡಿದು ಬಂದಾಗ ಮೊದಲು ಅದನ್ನು ಬಿಚ್ಚಿ ಬದಿಗಿಡುತ್ತಾರೆ, ಜೆಟ್‌ಗಳನ್ನು ಪೂರ್ತಿ ತಿರುಗಿಸಿ ಬೆನ್ನು ಕೊಟ್ಟು ಕೂರುತ್ತಾರೆ.