ಸ್ಕ್ರೀನ್ ಕಪ್ಪಾದ ಕೂಡಲೇ ಗ್ರಾಫಿಕ್ಸ್ ಕಾರ್ಡ್ ಬದಲಿಸಬೇಡಿ!

ಮುಂಬೈಯ ಲ್ಯಾಮಿಂಗ್ಟನ್ ರೋಡಿಗೆ ಕಂಪ್ಯೂಟರ್ ರಿಪೇರಿಗೆ ಹೋಗುವವರು ದಯವಿಟ್ಟು ಓದಿ. ನನ್ನ 5,800 ರೂಪಾಯಿ ಹೋಗಿದೆ. ಸುಮ್ನೆ ಹೋಗಿದೆ.

ಡೊಂಬಿವಲಿಯ ಮನೆಯಲ್ಲೇ ಅನುವಾದದ ಕೆಲಸ ಮಾಡುತ್ತೇನೆ. ಕಂಪ್ಯೂಟರಿನಲ್ಲಿ ವಿಂಡೋಸ್ ಬದಲು ಲಿನಕ್ಸ್ ಮಿಂಟ್, ಪರದೆಗೆ ಚಿತ್ರ ಕಳಿಸುವ ಕಾರ್ಡ್ ಎನ್ವಿಡಿಯಾ ಕಂಪನಿಯದು. ಲಿನಕ್ಸ್‌ನ ತಿರುಳಾದ ಕರ್ನಲ್ ಅಪ್‌ಡೇಟ್ ಆದ ಮರುದಿನ ಲಾಗಿನ್ ಪುಟವೇ ಬರಲಿಲ್ಲ. ಲೋಗೊ ಬರುತ್ತಿತ್ತು, ಯಾವ ಕರ್ನಲ್ ಶುರು ಮಾಡಲಿ ಅಂತ ಕೇಳುವ ಗ್ರಬ್ ಮೆನು ಬರುತ್ತಿತ್ತು, ಆಮೇಲೆ ಕಪ್ಪು. ಸಿಪಿಯು ಹೊತ್ತುಕೊಂಡು ದಾದರ್‌ನಲ್ಲಿ ಗಾಡಿ ಬದಲಿಸಿ ಹೋದೆ. ಅಂಗಡಿಯವನು ಹುಬ್ಬಳ್ಳಿ ಕಡೆಯವನು. ನಮ್ಮವನು ಅಂತ ನಂಬಿದೆ.

"ಕಾರ್ಡ್ ಸತ್ತೈತ್ರಿ ಅಕ್ಕಾರ" ಅಂದ. ಎಎಂಡಿ ಅನ್ನುವ ಬೇರೆ ಕಂಪನಿಯ ಕಾರ್ಡ್ ಹಾಕಿದ, ಆನ್ ಮಾಡಿದ, ಲೋಗೊ ಬಂತು. "ನೋಡ್ರಿ, ಬಂತು!" ನಾನೂ ಖುಷಿಯಿಂದ ದುಡ್ಡು ಕೊಟ್ಟೆ. ಆ ಲೋಗೊ ಮೊದಲೂ ಬರುತ್ತಿತ್ತಲ್ಲ! ಅಲ್ಲೇ ನಿಂತು ನೋಡುತ್ತಿದ್ದ ನನಗೆ ಅದು ಹೊಳೆಯಲೇ ಇಲ್ಲ. ಈಗ ನೆನೆದರೂ ಮೈ ಉರಿಯುತ್ತದೆ.

ಮನೆಗೆ ಬಂದರೆ ಮತ್ತೆ ಕಪ್ಪು. ಫೋನ್ ಮಾಡಿದೆ. "ಹಂಗಾರ ಮದರ್‌ಬೋರ್ಡೂ ಹೋಗಿರಬೇಕ್ರಿ." ಮದರ್‌ಬೋರ್ಡು!

ಪಕ್ಕದ ಮನೆಯ ಹುಡುಗಿ ಬಂದು ಕಂಟ್ರೋಲ್, ಆಲ್ಟ್, ಎಫ್3 ಒತ್ತಿದಳು. ಅಕ್ಷರದ ಲಾಗಿನ್ ಬಂತು. ಪರದೆಯ ಮೇಲೆ ಚಿತ್ರ ಮೂಡಿಸುವ ಎಕ್ಸ್ ಅನ್ನುವ ಪ್ರೋಗ್ರಾಂನ ದಾಖಲೆ, ಅಂದರೆ ಎಕ್ಸ್‌ಆರ್ಗ್ ಲಾಗ್ ತೆರೆದು 'ಇಇ' (ದೋಷ) ಅಂತ ಗುರುತಿದ್ದ ಸಾಲುಗಳನ್ನು ತೋರಿಸಿದಳು. ಕೊನೆಯದು 'ನೋ ಸ್ಕ್ರೀನ್ಸ್ ಫೌಂಡ್'. ಎಂದೋ ಬರೆದಿಟ್ಟ ಎಕ್ಸ್‌ಆರ್ಗ್.ಕಾನ್ಫ್ ಅನ್ನುವ ಸೆಟ್ಟಿಂಗ್ ಫೈಲಿನಲ್ಲಿ ಡ್ರೈವರ್ (ಕಾರ್ಡನ್ನು ನಡೆಸುವ ತಂತ್ರಾಂಶ) 'ಎನ್ವಿಡಿಯಾ' ಅಂತಲೇ ಇತ್ತು. ಇರುವುದು ಎಎಂಡಿ ಕಾರ್ಡ್! ಎಕ್ಸ್‌ಗೆ ಸಿಗದಂತೆ ಆ ಫೈಲಿನ ಹೆಸರು ಬದಲಿಸಿ ರೀಬೂಟ್ ಮಾಡಿದಳು, ಅಷ್ಟೇ. ಎಕ್ಸ್ ತಾನೇ ಕಾರ್ಡ್ ಗುರುತಿಸಿತು, ಲಾಗಿನ್ ಬಂತು. ಮೊದಲ ತೊಂದರೆಯನ್ನೂ ಹುಡುಕಿದಳು. ಹೊಸ ಕರ್ನಲ್‌ಗೆ ಎನ್ವಿಡಿಯಾ ಡ್ರೈವರ್ ತಯಾರಾಗಿರಲೇ ಇಲ್ಲ. "ಕಾಕೂ, ಗ್ರಬ್‌ನಲ್ಲಿ ಹಳೇ ಕರ್ನಲ್ ಆರಿಸಿದ್ದರೆ ಅವತ್ತೇ ಬರ್ತಿತ್ತೇನೋ. ಕಾರ್ಡ್ ಸತ್ತಿದ್ದರೆ ಮೆನು ಹೇಗೆ ಕಾಣುತ್ತೆ?"

ಮತ್ತೆ ಫೋನ್ ಮಾಡಿದೆ. "ಲಿನಕ್ಸ್ ಹಾಕಿದ್ದು ನಿಮ್ಮ ತಪ್ಪು ಅಲ್ರೀ? ನಮ್ಮದು ಹಾರ್ಡ್‌ವೇರ್ ಅಷ್ಟ." ಹಳೆಯ ಕಾರ್ಡ್ ಕೊಡು ಅಂದೆ. "ಭಂಗಾರಕ್ಕ ಹೋತ್ರಿ." ಸತ್ತಿಲ್ಲದ ಕಾರ್ಡ್ ಗುಜರಿಗೆ!

ಲೋಗೊ ನೋಡಿ ದುಡ್ಡು ಕೊಡಬೇಡಿ, ನಿಮ್ಮ ಡೆಸ್ಕ್‌ಟಾಪ್ ಕಂಡ ಮೇಲೆ ಕೊಡಿ. ಮೊದಲು ಲಾಗ್ ತೆರೆದು ನೋಡಿ, ಗೊತ್ತಿಲ್ಲದಿದ್ದರೆ ಗೊತ್ತಿರುವವರನ್ನು ಕರೆಯಿರಿ. ತೆಗೆದ ಕಾರ್ಡನ್ನು ಅಂಗಡಿಯಲ್ಲಿ ಬಿಡಲೇಬೇಡಿ. ನಮ್ಮ ಭಾಷೆಯವನು ಅಂತ ನಾನು ಬಿಲ್ ಸಹ ಕೇಳಿರಲಿಲ್ಲ.