ಹೂಕಣಿವೆಯೋ, ಹರ್ ಕಿ ದುನ್ನೋ?

ಉತ್ತರಾಖಂಡದ ಈ ಎರಡು ಕಣಿವೆಗಳಲ್ಲಿ ಯಾವುದಕ್ಕೆ ಹೋಗೋಣ ಎಂದು ಯಾರಾದರೂ ಕೇಳಿದರೆ, ರಜೆ ಯಾವ ತಿಂಗಳು ಸಿಗುತ್ತದೆ ಎಂದು ನಾನು ತಿರುಗಿ ಕೇಳುತ್ತೇನೆ. ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದವರೆಗಾದರೆ ಹೂಕಣಿವೆ (ವ್ಯಾಲಿ ಆಫ್ ಫ್ಲವರ್ಸ್). ಮೇ, ಜೂನ್ ಅಥವಾ ಸೆಪ್ಟೆಂಬರ್, ಅಕ್ಟೋಬರ್ ಆದರೆ ಕಣ್ಣುಮುಚ್ಚಿ ಹರ್ ಕಿ ದುನ್.

ಹೂಕಣಿವೆಯ ಗೇಟು ಜೂನ್ 1ಕ್ಕೇ ತೆರೆಯುತ್ತದೆ ನಿಜ, ಆದರೆ ಹೂವು ಬೇಕೆಂದರೆ ಮಳೆಯಲ್ಲೇ ಹೋಗಬೇಕು. ಮಲೆನಾಡಿನಲ್ಲಿ ಬೆಳೆದವರಿಗೆ ಆ ಮಳೆ ಲೆಕ್ಕಕ್ಕಿಲ್ಲ. ತಲೆನೋವೆಂದರೆ ಬದರಿನಾಥ ರಸ್ತೆಯಲ್ಲಿ ಕುಸಿಯುವ ಗುಡ್ಡ. ಕೈಯಲ್ಲಿ ಒಂದೆರಡು ದಿನ ಹೆಚ್ಚಿಗೆ ಇರಲಿ. ವಾಹನದ ರಸ್ತೆ ಮುಗಿಯುವ ಪುಲ್ನಾದಿಂದ ಕಣಿವೆಯ ಬುಡದ ಊರು ಘಾಂಘ್ರಿಯಾಕ್ಕೆ ಸುಮಾರು 10 ಕಿ.ಮೀ. ಏರು. ಮೇಲಿನ ಸರೋವರದ ದಂಡೆಯ ಗುರುದ್ವಾರ ಹೇಮಕುಂಡಕ್ಕೆ ಹೊರಟ ಸಿಖ್ ಯಾತ್ರಿಗಳು, ಹೇಸರಗತ್ತೆಗಳು, ಲದ್ದಿ, ಚಹಾದಂಗಡಿಗಳು. ಚಾರಣಕ್ಕಿಂತ ಜಾತ್ರೆಗೆ ಹೊರಟಂತಿರುತ್ತದೆ. ಕಣಿವೆಯೊಳಗೆ ಹೇಸರಗತ್ತೆಗಳಿಗೆ ಪ್ರವೇಶವಿಲ್ಲ, ಹಾಗಾಗಿ ಗೇಟು ದಾಟಿದ ಮೇಲೆ ಕಿವಿಗೆ ಪುಷ್ಪಾವತಿ ನದಿಯ ಸದ್ದು ಮಾತ್ರ. 1931ರಲ್ಲಿ ಕಾಮೆಟ್ ಶಿಖರ ಹತ್ತಿ ಇಳಿದ ಬ್ರಿಟಿಷ್ ಪರ್ವತಾರೋಹಿ ಫ್ರಾಂಕ್ ಸ್ಮೈತ್ ತಂಡ ಇಲ್ಲಿಗೆ ಬಂದಿತ್ತು. ಹೊರಜಗತ್ತಿಗೆ ಕಣಿವೆಯ ಸುದ್ದಿ ಹಬ್ಬಿದ್ದು ಆಮೇಲೆ. ಹೂ ಸಂಗ್ರಹಿಸಲು ಬಂದು 1939ರಲ್ಲಿ ಜಾರಿಬಿದ್ದು ಸತ್ತ ಜೋನ್ ಮಾರ್ಗರೆಟ್ ಲೆಗ್ಗೆಯ ಸಮಾಧಿ ಒಳಗೇ ಇದೆ. ನನಗೆ ಸರಿಬಾರದ್ದು ಒಂದೇ: ಒಳಗೆ ರಾತ್ರಿ ತಂಗುವಂತಿಲ್ಲ. ಮಂಜು ಸರಿದು ಬೆಟ್ಟ ಕಾಣುವ ಹೊತ್ತಿಗೆ ವಾಪಸ್ ಹೊರಡಬೇಕು. ಪರಿಸರದ ದೃಷ್ಟಿಯಿಂದ ಆ ನಿಯಮ ಸರಿಯೇ, ಆದರೂ ಹೊಟ್ಟೆ ಉರಿಯುತ್ತದೆ.

ಹರ್ ಕಿ ದುನ್‌ನಲ್ಲಿ ಆ ಅವಸರವಿಲ್ಲ. ಸಾಂಕ್ರಿಯಿಂದ ತಾಲೂಕಾವರೆಗೆ ಮೂಳೆ ಸಡಿಲಿಸುವ ಜೀಪು, ಆಮೇಲೆ ಸುಪಿನ್ ನದಿಯ ದಂಡೆಯ ನಡಿಗೆ. ದಾರಿಯಲ್ಲಿ ಮರ ಕೆತ್ತಿದ ಮನೆಗಳ ಊರುಗಳು, ಶರತ್ಕಾಲದಲ್ಲಿ ಕೆಂಪೇರಿದ ರಾಜಗಿರಿ ಹೊಲಗಳು. ಓಸ್ಲಾದ ಗುಡಿಯನ್ನು ಹೊರಗಿನವರು ದುರ್ಯೋಧನನದು ಎನ್ನುತ್ತಾರೆ, ಊರವರು ಸೋಮೇಶ್ವರನದು ಎಂದು ತಿದ್ದುತ್ತಾರೆ. (ದುರ್ಯೋಧನನಿಗಾಗಿ ಮರುಗುವುದು ಕನ್ನಡಿಗರಿಗೇನೂ ಹೊಸದಲ್ಲ.) ಪಾಂಡವರು ಸ್ವರ್ಗಕ್ಕೆ ಏರಿದ್ದು ಎದುರಿನ ಸ್ವರ್ಗಾರೋಹಿಣಿಯ ಮೇಲಿಂದ ಎಂಬ ಕಥೆಯೂ ಉಂಟು. 6,252 ಮೀಟರಿನ ಆ ಶಿಖರ ಏರುವುದು ನುರಿತವರಿಗೂ ಕಠಿಣ. ಪರ್ವತಾರೋಹಿಗಳ ತಂಡಗಳು ಹೆಚ್ಚಾಗಿ ಇದೇ ಸೀಮೆಯ ಕಾಲಾನಾಗ್ ಕಡೆ ತಿರುಗುತ್ತವೆ. ಅದು 6,387 ಮೀಟರ್. ನಮ್ಮಂಥವರಿಗೆ 3,566 ಮೀಟರಿನ ಹುಲ್ಲುಗಾವಲೇ ಸಾಕು. ಅಲ್ಲಿ ಕೂತು ಸಂಜೆ ಬಿಸಿಲು ಹಿಮದ ಮೇಲೆ ಬಣ್ಣ ಬದಲಿಸುವುದನ್ನು ಕೊನೆಯವರೆಗೆ ನೋಡಬಹುದು.

ಸೌಕರ್ಯದಲ್ಲಿ ಹೂಕಣಿವೆಯೇ ಮೇಲು. ಘಾಂಘ್ರಿಯಾದಲ್ಲಿ ಹೋಟೆಲ್ ಕೋಣೆ ಸಿಗುತ್ತದೆ, ಗುರುದ್ವಾರದಲ್ಲಿ ಬಿಸಿ ಊಟವೂ ಉಂಟು. ಮಂಡಿನೋವಿನ ಅಪ್ಪ ಅಮ್ಮನನ್ನು ಹೇಸರಗತ್ತೆಯ ಮೇಲೆ ಅಲ್ಲಿಯವರೆಗೆ ಕರೆದೊಯ್ಯಬಹುದು. ಹರ್ ಕಿ ದುನ್‌ನಲ್ಲಿ ಟೆಂಟು, ಕೊರೆಯುವ ನೀರು, ಹಲವು ದಿನಗಳ ನಡಿಗೆ.

ಒಂದನ್ನೇ ಆರಿಸು ಎಂದರೆ ನನ್ನ ಮತ ಹರ್ ಕಿ ದುನ್‌ಗೆ. ಹೂಕಣಿವೆಗೇ ಹೊರಟವರು ಮಾತ್ರ ಹೇಮಕುಂಡದ ಏರನ್ನು ತಪ್ಪಿಸಬೇಡಿ. ಬ್ರಹ್ಮಕಮಲ ನನಗೆ ಕಂಡದ್ದು ಕಣಿವೆಯಲ್ಲಲ್ಲ, ಆ ದಾರಿಯ ಬಂಡೆಗಳ ನಡುವೆ.