ಹುಣ್ಣ ನೆಕ್ಕೋ ನಾಯಿಗೆ ಪ್ಲಾಸ್ಟಿಕ್ ಕೋನ್: ತಗೋರಿ, ಆದ್ರ ಅಳತಿ ಹಿಡದು ತಗೋರಿ

ನಮ್ಮ ಮೋತಿ ಲ್ಯಾಬ್ರಡಾರ್ ನಾಯಿ, ಆರು ವರ್ಷದ್ದು. ಧಾರವಾಡದ ಮಳಿ ನಿಮಗ ಗೊತ್ತ ಐತಿ, ಜುಲೈದಾಗ ಜಿಟಿಜಿಟಿ ಹಿಡೀತಂದ್ರ ಬಿಡೋದ ಇಲ್ಲ, ಕೆಲಗೇರಿ ಕೆರಿ ಕಡೆ ಅಡ್ಡಾಡಿಸಿಕೊಂಡ ಬಂದು ಟಾವೆಲ್‌ಲೆ ಒರಸಿದ್ರ ಮ್ಯಾಗಿನ ಕೂದ್ಲ ಒಣಗಿದಂಗ ಕಾಣ್ತಾವ, ಬುಡದಾಗಿನ ಮೆತ್ತನ್ನ ಕೂದ್ಲ ಹಸೀನ ಇರ್ತಾವ. ಶನಿವಾರ ಸಂಜಿಮುಂದ ನೋಡಿದ್ರ ತೊಡಿ ಮ್ಯಾಗ ಐದು ರೂಪಾಯಿ ನಾಣ್ಯದಷ್ಟು ಕೆಂಪಗ ಆಗಿ ನೀರ ಜಿನುಗಾಕತ್ತಿತ್ತು, ನಾವು ಊಟ ಮಾಡಿ ಮಲಗೋದ್ರೊಳಗ ಅಂಗೈ ಅಗಲ ಆತು. ಹಾಟ್ ಸ್ಪಾಟ್ ಅಂತಾರಲ್ಲ, ನೆಕ್ಕಿದಂಗ ಲಗೂನ ಹರಡೋ ಹಸಿ ಹುಣ್ಣ, ಅದು. ಡಾಕ್ಟ್ರಿಗೆ ಫೋನ್ ಹಚ್ಚಿದ್ರ ಸೋಮವಾರ ಮುಂಜಾನೆ ಕರ್ಕೊಂಡ ಬರ್ರಿ, ಅಲ್ಲಿತನಕ ನೆಕ್ಕಾಕ ಬಿಡಬ್ಯಾಡ್ರಿ, ಕಂಡಿದ್ದ ಮುಲಾಮ ಹಚ್ಚಬ್ಯಾಡ್ರಿ ಅಂದ್ರು.

ಆ ರಾತ್ರಿ ಇಡೀ ನಾನು, ನಮ್ಮನಿಯವ್ರು ಪಾಳಿ ಹಚ್ಚಿ ಕುಂತ್ವಿ. ಕಣ್ಣ ಮುಚ್ಚಿದ್ರ ಸಾಕು ಚಪ್ ಚಪ್ ಅಂತ ನೆಕ್ಕೋ ಸಪ್ಪಳ. ಮುಂಜಾನೆ ಎದ್ದು ಹುಬ್ಬಳ್ಳಿಗೆ ಹೋಗಿ ಗೋಕುಲ ರೋಡ್ ಕಡೆ ಒಂದ ಅಂಗಡ್ಯಾಗ ಈ ಕೋನ್ ತಂದೆ, ನಾಯಿ ಬಾಯಿ ಹುಣ್ಣಿಗೆ ಮುಟ್ಟದಂಗ ಕುತ್ತಿಗಿ ಸುತ್ತ ಹಾಕೋದು, 350 ರೂಪಾಯಿ.

ಮೊದಲ ತಂದಿದ್ದು ಸಣ್ಣದಾತು, ಮೂತಿ ಹೊರಗ ಬಂದು ಆರಾಮ ನೆಕ್ಕಾಕತ್ತಿತ್ತು, ಮತ್ತ ಹೋಗಿ ಬದಲಿ ಮಾಡಿಸಿದೆ. ಅದಕ್ಕ ಹೇಳೋದು, ಮನ್ಯಾಗ ಟೇಪ್ ಹಿಡದು ಕುತ್ತಿಗಿ ಸುತ್ತಳತಿ, ಕುತ್ತಿಗಿಂದ ಮೂಗಿನ ತುದಿತನಕ ಉದ್ದ, ಎರಡೂ ಬರ್ಕೊಂಡ ಹೋಗ್ರಿ. ಕೋನ್ ಮೂಗ ದಾಟಿ ಎರಡ ಬೆರಳ ಮುಂದ ಬರಬೇಕು, ಕುತ್ತಿಗ್ಯಾಗ ಎರಡ ಬೆರಳ ಸಲೀಸ ಹೋಗಬೇಕು. ಅಂಗಡಿಯವ್ರು ಗಾಳಿ ತುಂಬೋ ಉಂಗುರದಂಥಾದ್ದೂ ತೋರಿಸಿದ್ರು, ಅದು ನಾಯಿಗೆ ಮೆತ್ತಗಾಗ್ತತಿ ಖರೆ, ಆದ್ರ ಹುಣ್ಣ ಹಿಂದಿನ ಕಾಲಾಗ, ತೊಡ್ಯಾಗ ಇದ್ರ ಉದ್ದ ಮೂತಿ ನಾಯಿ ಅದನ್ನ ಹಾಕೊಂಡೂ ಮುಟ್ಟತಾವ.

ಮೊದಲ ಒಂದ ತಾಸು ಮೋತಿ ಬಾಗಲಿಗೆ, ಕುರ್ಚಿಗೆ ಢಿಕ್ಕಿ ಹೊಡಕೊಂತ ಅಡ್ಡಾಡ್ತು, ನೋಡಾಕ ಹೊಟ್ಟಿ ಚುರ್ ಅಂತಿತ್ತು, ನಮ್ಮ ಅತ್ತಿಯವ್ರು ತಗದ ಬಿಡ ಅಂತ ಎರಡ ಸಲ ಅಂದ್ರು. ತಗೀಲಿಲ್ಲ. ಊಟದ ಬಟ್ಲ ಕೆಳಗಿದ್ರ ಕೋನ್ ನೆಲಕ್ಕ ತಾಗತೈತಿ, ಮಣಿ ಮ್ಯಾಲೆ ಸಣ್ಣ ಬಟ್ಲ ಇಟ್ಟ ಮ್ಯಾಲೆ ಉಂಡತು. ರಾತ್ರಿ ಮಲಗ್ತು, ನಾವೂ ಮಲಗಿದ್ವಿ.

ಉಳಿದಿದ್ದು ಮಾಡಿದ್ದು ಇಷ್ಟ: ಅರ್ಧ ಲೀಟರ್ ನೀರ ಕುದಿಸಿ ಒಂದ ಸಣ್ಣ ಚಮಚ ಉಪ್ಪ ಹಾಕಿ ಆರಿಸಿ, ದಿನಕ್ಕ ಮೂರ ಸಲ ಅರಬಿ ತೊಯ್ಸಿ ಮೆಲ್ಲಕ ಒತ್ತಿ ಒರಸೋದು, ಒಣ ಅರಬಿಲೆ ಒತ್ತಿ ಒಣಗಿಸೋದು. ಅತ್ತಿಯವ್ರು ಅರಿಷಿಣ, ಕೊಬ್ರಿ ಎಣ್ಣಿ ಹಚ್ಚೋಣು ಅಂದ್ರು, ಆದ್ರ ಜಿನುಗೋ ಹುಣ್ಣಿಗೆ ಎಣ್ಣಿ ಹಚ್ಚಿದ್ರ ಗಾಳಿ ಆಡಂಗಿಲ್ಲ, ಒಣಗಂಗಿಲ್ಲ. ಬಾಜು ಮನಿಯವ್ರು ಡೆಟಾಲ್ ಅಂದ್ರು, ಅದು ಹಸಿ ಚರ್ಮ ಸುಡ್ತತಿ, ನೆಕ್ಕಿದ್ರ ಹೊಟ್ಟಿಗೂ ಹೋಗ್ತತಿ. ನಾವು ಗಜಕರ್ಣಕ್ಕ ಮೆಡಿಕಲ್‌ದಾಗ ತರ್ತೀವಲ್ಲ ಆ ಮಿಕ್ಸ್ ಕ್ರೀಮ್ ಅಂತೂ ಬ್ಯಾಡೇ ಬ್ಯಾಡ್ರಿ, ಅದರಾಗ ಭಾಳ ಸಲ ಸ್ಟಿರಾಯ್ಡ್ ಇರ್ತೈತಿ, ಮ್ಯಾಲೆ ಕೆಂಪ ಇಳದಂಗ ಕಾಣ್ತತಿ, ಒಳಗ ಫಂಗಸ್ಸೋ ಚರ್ಮದ ಸಣ್ಣ ಹುಳುನೋ ಇದ್ರ ಇನ್ನೂ ಬೆಳೀತತಿ, ಡಾಕ್ಟ್ರಿಗೂ ಖರೆ ರೋಗ ಗೊತ್ತಾಗೋದು ಕಷ್ಟ. ಜಿಂಕ್ ಇರೋ ಮುಲಾಮ ನೆಕ್ಕಿದ್ರ ವಿಷ. ಮತ್ತ ತೋರ್ಸಾಕ ಹೋಗೋ ದಿನ ಶಾಂಪೂ ಹಾಕಿ ಮೈ ತೊಳೀಬ್ಯಾಡ್ರಿ, ಪರೀಕ್ಷಾಕ್ಕ ಬೇಕಾಗಿದ್ದ ತೊಳದ ಹೋಗ್ತತಿ.

ನಾನು ಮೂರ ಹೊತ್ತೂ ಬಾಜು ಒಂದ ನಾಣ್ಯ ಹಿಡದು ಫೋಟೋ ತಗದಿದ್ದೆ, ಸೋಮವಾರ ಹೋದಾಗ ಡಾಕ್ಟ್ರು ಮೊದಲ ಅದನ್ನ ನೋಡಿದ್ರು. ಸುತ್ತಲ ಕೂದ್ಲ ಬೋಳಿಸಿ, ಗಾಜಿನ ಪಟ್ಟಿ ಒತ್ತಿ, ಚರ್ಮ ಕೆರದು ಮೈಕ್ರೋಸ್ಕೋಪ್‌ನ್ಯಾಗ ನೋಡಿ ಬ್ಯಾಕ್ಟೀರಿಯಾ ಅಂದ್ರು, ಹುಳು ಇಲ್ಲ. ಬಾಲದ ಬುಡಕ ಚಿಗಟದ ಹೇಲ ಸಿಕ್ತು, ತುರಿಕಿ ಅಲ್ಲಿಂದ ಸುರು ಆಗಿದ್ದು. ಚಿಗಟದ ಔಷಧ ಕೊಟ್ಟು, ಬ್ಯಾಕ್ಟೀರಿಯಾ ಕೊಲ್ಲೋ ಕ್ಲೋರ್‌ಹೆಕ್ಸಿಡಿನ್ ಶಾಂಪೂ ಬರದ್ರು, ನೊರಿ ಹತ್ತ ಮಿನಿಟ್ ಮೈ ಮ್ಯಾಲೆ ಬಿಟ್ಟ ತೊಳೀಬೇಕು. ಕೋನ್ ಇನ್ನ ಒಂದ ವಾರ ಇರ್ಲಿ ಅಂದ್ರು.

ಆದ್ರ ನಾಯಿ ಊಟ ಬಿಟ್ರ, ಜ್ವರ 103 ಡಿಗ್ರಿ ಫ್ಯಾರನ್‌ಹೀಟ್ ದಾಟಿದ್ರ, ಮಾರಿ ಬಾತ್ರ, ಕೀವಿನ ನಾತ ಬಂದ್ರ ಸೋಮವಾರತನಕ ಕಾಯಬ್ಯಾಡ್ರಿ, ಎಲ್ಲಿ ಡಾಕ್ಟ್ರು ಸಿಗ್ತಾರ ಅಲ್ಲಿಗೆ ಅವತ್ತ ಒಯ್ರಿ.

ಕೋನ್‌ದಾಗ ತಪ್ಪ ಇಲ್ಲಂತಲ್ಲ. ಕುತ್ತಿಗಿ ಕಡೆ ಅಂಚ ಚೂಪ ಐತಿ, ನಾನು ಹಳೇ ಹತ್ತಿ ಅರಬಿ ಸುತ್ತಿ ಹೊಲದೆ. ಒತ್ತೋ ಬಟನ್ ಮೂರನೇ ದಿನಕ್ಕ ಸಡ್ಲಾತು, ಪಟ್ಟಿ ತೂತಿನಾಗ ಮೋತಿದ ಕೊರಳಪಟ್ಟಿನ ಪೋಣಿಸಿ ಕಟ್ಟಿದ ಮ್ಯಾಲೆ ಗಟ್ಟಿ ನಿಂತತು. ಐದಕ್ಕ ನಾಲ್ಕ ಕೊಡ್ತೀನಿ. ದಿನಾ ಸಂಜಿಗೆ ಒಮ್ಮೆ ತಗದು ಸೋಪ್ ನೀರಾಗ ತೊಳದು ಒಣಗಿಸಿ ಹಾಕ್ರಿ, ಆ ಐದ ಮಿನಿಟ್ ನಾಯಿ ಕಡೆ ಒಬ್ರು ಕುಂತಿರ್ರಿ.